ಬಸ್ಸಿನ ಮೆಟ್ಟಿಲ ಮೇಲೆ ಕೂತ ತಾಯಿ

ಆ ಡಿಕ್ಕಿಯ ಸದ್ದು ನನಗೆ ಕೇಳಿಸಲಿಲ್ಲ. ನಾವು ಕೂತಿದ್ದದ್ದು ಮೈದಾನದ ಒಂದು ತುದಿಯಲ್ಲಿ, ತೀರಾ ಮೇಲಿನ ಸಾಲಿನಲ್ಲಿ. ಬ್ಯಾಂಡಿನವರ ಡ್ರಮ್ಮು, ಸುತ್ತಲಿನವರ ಕೂಗು, ಕಣ್ಣು ಬಿಡಲಾಗದ ಬಿಸಿಲು. ಕೆಳಗೆ ಓಡುತ್ತಿದ್ದವರು ಅಂಗೈಯಷ್ಟು ಕಾಣುತ್ತಿದ್ದರು. ಆದರೂ ಈಗ ನನ್ನ ಮನಸ್ಸು ತಾನಾಗಿಯೇ ಅದಕ್ಕೊಂದು ಸದ್ದನ್ನು ಜೋಡಿಸಿಕೊಂಡಿದೆ. ಟೆಕ್ಸಸ್‌ನ ಇರ್ವಿಂಗ್‌ನಲ್ಲಿರುವ ನನ್ನ ಅಪಾರ್ಟ್‌ಮೆಂಟಿನ ಮೇಲ್ಮನೆಯವರು ಕುರ್ಚಿ ಬೀಳಿಸಿದರೂ ಸಾಕು, ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು ನಿಂತುಬಿಡುತ್ತೇನೆ. ಆಮೇಲೆ ಕಣ್ಣೆದುರು ಅವನು ಮತ್ತೆ ಬೀಳುತ್ತಾನೆ, ಮತ್ತೆ ಏಳುತ್ತಾನೆ, ತಪ್ಪು ದಿಕ್ಕಿಗೆ ನಾಲ್ಕು ಹೆಜ್ಜೆ ಓಡುತ್ತಾನೆ.

ಅವನು ನನ್ನ ಗೆಳತಿಯ ಮಗ. ಅವಳು ಧಾರವಾಡದವಳು, ನಾನು ಮೈಸೂರಿನವಳು. ಇಲ್ಲಿನ ದೇವಸ್ಥಾನದ ಅಡುಗೆಮನೆಯಲ್ಲಿ ಎದುರುಬದುರು ಕೂತು ತೆಂಗಿನಕಾಯಿ ತುರಿಯುತ್ತಾ ಪರಿಚಯವಾದದ್ದು. ನನಗಿಂತ ಸ್ವಲ್ಪ ಚಿಕ್ಕವಳು, ಹಾಗಾಗಿ ಮೊದಲ ದಿನದಿಂದಲೇ ನನ್ನನ್ನು ‘ಅಕ್ಕಾರ’ ಎಂದು ಕರೆದಳು. ಗಂಡನದು ಸ್ವಂತ ವ್ಯಾಪಾರ. ಹತ್ತಿರದ ಪ್ರಾಸ್ಪರ್ ಊರಿನಲ್ಲಿ ಹೊಸ ಬಡಾವಣೆಯೊಂದು ಎದ್ದಾಗ ಅಲ್ಲಿ ಮನೆ ಕಟ್ಟಿಸಿದರು. ಒಬ್ಬನೇ ಮಗ. ಚಿಕ್ಕವನಿದ್ದಾಗ ಅವನನ್ನು ನೋಡಿಕೊಂಡವಳು ಅಪ್ಪನ ತಾಯಿ. ಅವಳನ್ನು ಅವನು ‘ಆಯಿ’ ಅನ್ನುತ್ತಿದ್ದ. ಆಗ ಧಾರವಾಡದ ಕನ್ನಡವನ್ನೇ ಮಾತಾಡುತ್ತಿದ್ದನಂತೆ. ಶಾಲೆಗೆ ಸೇರಿದ ಮೇಲೆ, ಆಯಿ ತೀರಿಕೊಂಡ ಮೇಲೆ, ಅದು ನಿಂತುಹೋಯಿತು. ನಾನು ಕಂಡಾಗಿನಿಂದ ಅವನು ಕನ್ನಡದಲ್ಲಿ ಒಂದು ಮಾತಾಡಿದ್ದನ್ನೂ ಕೇಳಿರಲಿಲ್ಲ. ಅಮ್ಮ ಕನ್ನಡದಲ್ಲಿ ಕೇಳುವುದು, ಮಗ ಇಂಗ್ಲಿಷಿನಲ್ಲಿ ಉತ್ತರಿಸುವುದು. ನಮ್ಮೆಲ್ಲರ ಮನೆಗಳಲ್ಲೂ ಹೀಗೇ ಇರುವುದರಿಂದ ಅದು ಕಿವಿಗೆ ವಿಚಿತ್ರವಾಗಿ ಕೇಳಿಸುತ್ತಿರಲಿಲ್ಲ.

ಆದರೂ ಅವಳಿಗೆ ಅದೊಂದು ಕೊರಗಿತ್ತು. ಬೇರೆ ಮಕ್ಕಳು ಸಂಕ್ರಾಂತಿಗೆ ವೇದಿಕೆ ಹತ್ತಿ ಕನ್ನಡದಲ್ಲಿ ನಾಲ್ಕು ಸಾಲು ಒಪ್ಪಿಸಿದರೆ ಇವಳು ಮೊದಲ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದಳು.

ಹುಡುಗ ಫುಟ್‌ಬಾಲ್ ಹಿಡಿದ. ಟೆಕ್ಸಸ್‌ನಲ್ಲಿ ಫುಟ್‌ಬಾಲ್ ಎಂದರೆ ಕೈಯಲ್ಲಿ ಚೆಂಡು ಹಿಡಿದು ಓಡುವ, ಓಡುವವನನ್ನು ಕೆಡವುವ ಆಟ. ಅವನಿಗೆ ಎತ್ತರವಿರಲಿಲ್ಲ, ವೇಗವಿತ್ತು. ಆಸ್ಟಿನ್‌ನ ಒಂದು ಕಾಲೇಜಿನ ತಂಡದಲ್ಲಿ ಹೇಗೋ ಜಾಗ ಗಿಟ್ಟಿಸಿದ. ಆಟದ ಬಹುಪಾಲು ಬೆಂಚಿನಲ್ಲೇ ಕೂತಿರುತ್ತಿದ್ದ. ಆರಂಭದಲ್ಲಿ, ಆಮೇಲೆ ಪ್ರತಿ ಸಲ ಅಂಕ ಬಂದಾಗ, ಚೆಂಡನ್ನು ಒದ್ದು ಆಟ ಮತ್ತೆ ಶುರು ಮಾಡುವಾಗ ಮಾತ್ರ ಅವನನ್ನು ಇಳಿಸುತ್ತಿದ್ದರು. ಆಗ ಎರಡೂ ಕಡೆಯವರು ದೂರದಿಂದ ಪೂರ್ತಿ ವೇಗದಲ್ಲಿ ಓಡಿಬಂದು ಒಬ್ಬರಿಗೊಬ್ಬರು ಗುದ್ದುತ್ತಾರೆ. ಇಡೀ ಆಟದಲ್ಲಿ ಹೆಚ್ಚು ಅಪಾಯದ ಗಳಿಗೆ ಅದೇ ಎಂದು ಅವನೇ ಒಮ್ಮೆ ನನಗೆ ಹೇಳಿದ್ದ, ನಾವು ಹೆದ್ದಾರಿಯ ಟ್ರಾಫಿಕ್ಕಿನ ಬಗ್ಗೆ ಹೇಳುವಷ್ಟೇ ಸಲೀಸಾಗಿ.

ಇನ್ನೊಂದು ಮಾತೂ ಹೇಳಿದ್ದ. ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಸೀಸನ್ ಶುರುವಾಗುವ ಮೊದಲು ಪ್ರತಿ ಆಟಗಾರನಿಗೂ ಒಂದು ಪರೀಕ್ಷೆ ಇರುತ್ತದೆ: ಪದಗಳನ್ನು ನೆನಪಿಟ್ಟುಕೊಂಡು ಹೇಳುವುದು, ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಆಟದಲ್ಲಿ ತಲೆಗೆ ಪೆಟ್ಟು ಬಿದ್ದರೆ ಅದೇ ಪರೀಕ್ಷೆಯನ್ನು ಮತ್ತೆ ಕೊಟ್ಟು, ಮೊದಲಿನದಕ್ಕೆ ಹೋಲಿಸಿ ನೋಡುತ್ತಾರೆ. ಹಾಗಾಗಿ ಮೊದಲ ಸಲ ಬೇಕೆಂದೇ ಸ್ವಲ್ಪ ದಡ್ಡರ ಹಾಗೆ ಉತ್ತರಿಸಿಬಿಟ್ಟರೆ ಆಮೇಲೆ ಯಾವ ಪೆಟ್ಟು ಬಿದ್ದರೂ ಪಾಸಾಗಬಹುದು. ಹುಡುಗರೆಲ್ಲ ಹೀಗೇ ಮಾಡುತ್ತಾರೆ ಎಂದು ನಕ್ಕ. ಅವನಪ್ಪನೂ ನಕ್ಕರು. “ಶಾಣ್ಯಾ ಅದಾನ ನಮ್ಮಾವ,” ಅಂದರು. ಜೀವನವಿಡೀ ಪರೀಕ್ಷೆ ಪಾಸು ಮಾಡಿಯೇ ಈ ದೇಶದವರೆಗೆ ಬಂದವರು ನಾವು. ಪರೀಕ್ಷೆಯನ್ನು ಮಣಿಸುವ ಜಾಣತನ ಕಂಡರೆ ನಮಗೆ ಖುಷಿಯಾಗುತ್ತದೆ. ಅವಳು ಮಾತ್ರ ನಗದೆ ಅವನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದಳು.

ಆ ಶನಿವಾರದ ಆಟ ಹೂಸ್ಟನ್‌ನಲ್ಲಿ ಇತ್ತು. ಎದುರಾಳಿ ಕಾಲೇಜಿಗೂ ಇವರಿಗೂ ಬಹಳ ಹಳೆಯ ಜಿದ್ದು. ಅಜ್ಜ, ಅಪ್ಪ, ಮಗ ಒಂದೇ ಬಣ್ಣದ ಅಂಗಿ ತೊಟ್ಟು ಬರುವಂಥ ಆಟ. ಬೆಳಿಗ್ಗೆಯೇ ಅವರು ಇರ್ವಿಂಗ್‌ಗೆ ಬಂದು ನನ್ನನ್ನು ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಕಾರಿನಲ್ಲಿ ರೊಟ್ಟಿ ಮತ್ತು ಶೇಂಗಾ ಚಟ್ನಿಯ ವಾಸನೆ. ಬೇರೆ ಊರಿನಲ್ಲಿ ಆಟ ಮುಗಿದ ಮೇಲೆ ಆಟಗಾರರು ಬಸ್ ಹತ್ತುವ ಮೊದಲು ಸ್ವಲ್ಪ ಹೊತ್ತು ಮನೆಯವರನ್ನು ಕಾಣಲು ಬಿಡುತ್ತಾರೆ. ತಾಯಂದಿರು ಆಗ ಊಟದ ಡಬ್ಬಿ ಕೊಡುತ್ತಾರೆ. ಉಳಿದವರದು ಸ್ಯಾಂಡ್‌ವಿಚ್, ಇವಳದು ರೊಟ್ಟಿ ಸುರುಳಿ. ತಂಡದ ಹುಡುಗರು ಅದಕ್ಕೆ ಮುಗಿಬೀಳುತ್ತಾರೆ ಎಂದು ಹೆಮ್ಮೆಯಿಂದ ಹೇಳಿದಳು.

ಪೆಟ್ಟು ಬಿದ್ದದ್ದು ಆಟದ ಕೊನೆಯ ಭಾಗದಲ್ಲಿ. ಚೆಂಡನ್ನು ಒದ್ದರು, ಇವನು ಓಡಿದ. ಎದುರಿನಿಂದ ಓರೆಯಾಗಿ ಬಂದ ದಪ್ಪನೆಯ ಹುಡುಗನೊಬ್ಬ ಭುಜ ಕೊಟ್ಟ. ಇವನು ಮೇಲಕ್ಕೆದ್ದು ಅಂಗಾತ ಬಿದ್ದ. ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಇದನ್ನೆಲ್ಲ ನಾನು ಕಂಡದ್ದು ಆ ಕ್ಷಣದಲ್ಲಲ್ಲ, ಆಮೇಲೆ, ದೊಡ್ಡ ಪರದೆಯ ಮೇಲೆ, ಮತ್ತೆ ಮತ್ತೆ.

ಯಾಕೆಂದರೆ ಆಟ ನಿಲ್ಲಿಸಿ ಪರಿಶೀಲನೆ ಶುರು ಮಾಡಿದರು. ಅವನಪ್ಪ ನನಗೆ ನಿಯಮ ವಿವರಿಸಿದರು. ಹೆಲ್ಮೆಟ್ಟಿನ ನೆತ್ತಿಯಿಂದ ಗುದ್ದಿದರೆ, ತಲೆಗೆ ಗುರಿಯಿಟ್ಟು ಹೊಡೆದರೆ, ಆ ಆಟಗಾರನನ್ನು ಆಟದಿಂದಲೇ ಹೊರಗೆ ಹಾಕುತ್ತಾರೆ. ಮುಂದಿನ ಆಟದ ಅರ್ಧಕ್ಕೂ ಅವನಿಲ್ಲ. “ಈಗ ಭಾಳ ಸ್ಟ್ರಿಕ್ಟ್ ಮಾಡ್ಯಾರ್ರಿ. ಮೊದಲಿನಂಗ ಇಲ್ಲ,” ಅಂದರು. ಪರದೆಯ ಮೇಲೆ ನಿಧಾನವಾಗಿ, ಇನ್ನೂ ನಿಧಾನವಾಗಿ, ಬೇರೆ ಬೇರೆ ಕೋನಗಳಿಂದ ಆ ಡಿಕ್ಕಿ. ಭುಜ ಮೊದಲು ತಗುಲಿತೋ ಹೆಲ್ಮೆಟ್ಟೋ? ನಮ್ಮ ಕಡೆಯವರು ಹೊರಗೆ ಹಾಕಿ ಎಂದು ಕೂಗಿದರು. ಅವರ ಕಡೆಯವರು ಅದಕ್ಕಿಂತ ಜೋರಾಗಿ ಬೇಡ ಎಂದು ಕೂಗಿದರು. ನಾನೂ ಕುತ್ತಿಗೆ ಎತ್ತಿ ಪರದೆಯನ್ನೇ ನೋಡುತ್ತಿದ್ದೆ.

ಆಟಗಾರನ ತಲೆ ಉಳಿಸಲೆಂದೇ ಮಾಡಿದ ನಿಯಮ ಅದು. ಅಷ್ಟು ಹೊತ್ತೂ ಆ ಮೈದಾನದ ಸಾವಿರಾರು ಕಣ್ಣುಗಳು ಹೊಡೆದವನ ಭುಜವನ್ನು ಅಳೆಯುತ್ತಿದ್ದವು. ಬಿದ್ದವನ ಕಡೆ ನೋಡುತ್ತಿದ್ದವಳು ಒಬ್ಬಳೇ. ಗೆಳತಿ ನನ್ನ ಮೊಣಕೈ ಹಿಡಿದು, “ಅಕ್ಕಾರ, ಅವ ಆ ಕಡೆ ಯಾಕ ಹೊಂಟಾನ?” ಅಂದಳು. ನಾನು ಕೆಳಗೆ ನೋಡಿದೆ. ಎದ್ದು ನಿಂತವನು ಎದುರಾಳಿಗಳ ಬೆಂಚಿನ ಕಡೆ ಓಡುತ್ತಿದ್ದ. ಜೊತೆಯವನೊಬ್ಬ ಭುಜ ಹಿಡಿದು ತಿರುಗಿಸಿದ. ನಮ್ಮ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಭುಜವೇ ಮೊದಲು ತಗುಲಿದ್ದು, ತಪ್ಪಿಲ್ಲ ಎಂದು ತೀರ್ಪಾಯಿತು. ಅವನನ್ನು ಬದಿಯಲ್ಲಿದ್ದ ಸಣ್ಣ ಡೇರೆಯೊಳಗೆ ಕರೆದೊಯ್ದರು. ಅಲ್ಲಿ ಆ ಪರೀಕ್ಷೆ ಕೊಡುತ್ತಾರೆ. ಪೆಟ್ಟು ತಿಂದವನು ಕಣ್ತಪ್ಪಿಸಿ ಮೈದಾನಕ್ಕೆ ಓಡದಿರಲಿ ಎಂದು ಅವನ ಹೆಲ್ಮೆಟ್ಟನ್ನು ತಂಡದ ವೈದ್ಯಕೀಯ ಸಹಾಯಕರು ಕಸಿದಿಟ್ಟುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಹೊರಗೆ ಬಂದ. ಕೈಯಲ್ಲಿ ಹೆಲ್ಮೆಟ್ ಇತ್ತು. “ಕೊಟ್ರು ನೋಡ್ರಿ, ಅಂದ್ರ ಪಾಸಾದ,” ಎಂದು ಅವನಪ್ಪ ಉಸಿರು ಬಿಟ್ಟರು. ಆಮೇಲೆ ಇನ್ನೊಂದು ಸಲ ಚೆಂಡು ಒದೆಯುವಾಗಲೂ ಅವನು ಇಳಿದ, ಓಡಿದ. ಯಾರೂ ಅವನನ್ನು ಮುಟ್ಟಲಿಲ್ಲ. ನಮ್ಮವರು ಗೆದ್ದರು.

ಬಸ್ಸುಗಳು ಕ್ರೀಡಾಂಗಣದ ಹಿಂದೆ ಎಂಜಿನ್ ಹಾಕಿಕೊಂಡು ನಿಂತಿದ್ದವು. ಬಿಸಿಲು ಇಳಿಯುತ್ತಿತ್ತು. ಸ್ನಾನ ಮಾಡಿ ಬಂದ ಹುಡುಗರು ಒದ್ದೆ ಕೂದಲಲ್ಲಿ ಒಬ್ಬೊಬ್ಬರಾಗಿ ತಂತಿ ಬೇಲಿಯ ಬಾಗಿಲಿಂದ ಹೊರಬರುತ್ತಿದ್ದರು. ಅವನೂ ಬಂದ. ನೋಡಲು ಚೆನ್ನಾಗಿಯೇ ಇದ್ದ. ಅಪ್ಪ ತಬ್ಬಿಕೊಂಡರು. ಅವನು ತಾಯಿಯ ಕಡೆ ತಿರುಗಿ ಹೇಳಿದ:

“ಅವ್ವಾ, ಹಸಿವಾಗೈತಿ. ಆಯಿ ಎಲ್ಲದಾಳ?”

ಅವಳ ಮುಖ ಹೇಗೆ ಅರಳಿತೆಂದರೆ, ಮದುವೆಮನೆಯಲ್ಲೂ ನಾನು ಅಂಥ ಮುಖ ನೋಡಿಲ್ಲ. ಅಷ್ಟು ವರ್ಷ ‘ಮಾಮ್’ ಆಗಿದ್ದವಳು ‘ಅವ್ವ’ ಆಗಿದ್ದಳು. ಅವನಪ್ಪನ ಕಣ್ಣಲ್ಲಿ ನೀರು. ಗೆದ್ದ ಖುಷಿಯಲ್ಲಿ ಆಯಿ ನೆನಪಾಗಿದ್ದಾಳೆ, ಮನೆಯ ಮಾತು ಬಾಯಿಗೆ ಬಂದಿದೆ ಎಂದುಕೊಂಡೆವು. ನಾನೂ ಹಾಗೇ ಅಂದುಕೊಂಡೆ. “ಇನ್ನೊಮ್ಮೆ ಹೇಳಪಾ, ವಿಡಿಯೊ ಮಾಡ್ತೇನಿ,” ಎಂದು ಅಪ್ಪ ಫೋನ್ ತೆಗೆದರು. ಅವನು ಅದೇ ಮಾತನ್ನು ಅದೇ ರಾಗದಲ್ಲಿ ಹೇಳಿದ. ನಾವೆಲ್ಲ ನಕ್ಕೆವು. ಆ ವಿಡಿಯೊ ಅಲ್ಲಿಂದಲೇ ಧಾರವಾಡದ ಮನೆಮಂದಿಯ ಗುಂಪಿಗೆ ಹೋಯಿತು.

ಅವಳು ಡಬ್ಬಿ ತೆರೆದು ರೊಟ್ಟಿ ಸುರುಳಿ ಕೊಟ್ಟಳು. ಅವನು ಹಿಡಿದುಕೊಂಡ, ತಿನ್ನಲಿಲ್ಲ. ಮತ್ತೆ ಕೇಳಿದ, “ಆಯಿ ಎಲ್ಲದಾಳ?”

“ಆಯಿ ಇಲ್ಲಲ್ಲಪ್ಪಾ,” ಅಂದಳು ಮೆಲ್ಲಗೆ.

ತಲೆಯಾಡಿಸಿದ. ರೊಟ್ಟಿಯನ್ನು ನೋಡಿದ. ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಅದನ್ನೇ ಕೇಳಿದ.

ನಾನು ಇನ್ನೂ ನಗುತ್ತಲೇ ಇದ್ದೆನೆಂದು ಕಾಣುತ್ತದೆ. ಅವಳ ಕೈ ಡಬ್ಬಿಯ ಮುಚ್ಚಳದ ಮೇಲೆ ನಿಂತುಬಿಟ್ಟಿತು. “ಇಲ್ಲ. ಇದು ಬ್ಯಾರೆ ಐತಿ,” ಅಂದಳು. ನಮಗಲ್ಲ, ತನಗೆ ತಾನೇ.

ತಂಡದ ಪ್ರಯಾಣದ ಉಸ್ತುವಾರಿಯ ಹೆಂಗಸು ಹೊರಡುವ ಹೊತ್ತಾಯಿತೆಂದು ಕೂಗುತ್ತಿದ್ದಳು. ಹುಡುಗರು ಹತ್ತತೊಡಗಿದರು. ಅವನೂ ಸಾಲಿನಲ್ಲಿ ನಿಂತ. ಗೆಳತಿ ಅವನನ್ನು ದಾಟಿ ಹೋಗಿ ಬಸ್ಸಿನ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮೈಮೇಲೆ ಮಗನ ನಂಬರಿನ ಜೆರ್ಸಿ, ಮಡಿಲಲ್ಲಿ ಡಬ್ಬಿ. ಬಸ್ಸಿನ ಬಾಗಿಲು ಮುಚ್ಚುವ ಹಾಗಿಲ್ಲ, ಯಾರೂ ಹತ್ತುವ ಹಾಗಿಲ್ಲ.

ಮೊದಲು ಎಲ್ಲರೂ ಅದನ್ನು ತಮಾಷೆ ಅಂದುಕೊಂಡರು. ಉಸ್ತುವಾರಿಯವಳು ನಯವಾಗಿ ಕೇಳಿಕೊಂಡಳು, ಆಮೇಲೆ ಅಷ್ಟು ನಯವಾಗಿ ಅಲ್ಲ. ಡ್ರೈವರ್ ಸೀಟಿನಿಂದ ಬಗ್ಗಿ ನೋಡಿದ. ಬೇರೆ ತಾಯಂದಿರು ದೂರ ನಿಂತು ಪಿಸುಗುಟ್ಟಿದರು. ಅವನಪ್ಪ ಹತ್ತಿರ ಹೋಗಿ, ಹಲ್ಲು ಕಚ್ಚಿ, “ಏಳು. ಎಲ್ಲಾರೂ ನೋಡಾಕತ್ತಾರ. ತಂಡದಾಗ ಅವನ ಜಾಗಾ ಹೋಗ್ತೈತಿ. ಟೆಸ್ಟ್ ಪಾಸ್ ಆಗ್ಯಾನಲ್ಲ?” ಅಂದರು.

“ಪಾಸ್ ಆಗೂದ ನಾವ ಕಲಿಸೇವಿ ಅವಂಗ,” ಅಂದಳು. “ಅದಕ್ಕ ನನಗ ಹೆದರಿಕಿ.”

ಆಗ ಅವನು ಬಾಯಿ ಬಿಟ್ಟ. ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವ ಹಾಗೆ: “ಗೆಟ್ ಅಪ್, ಮಾಮ್. ಗೋ ಹೋಮ್. ನೋಬಡಿ ವಾಂಟ್ಸ್ ಯೂ ಹಿಯರ್.”

ಅದನ್ನು ಕೇಳಿ ಸುತ್ತಲಿದ್ದವರಿಗೆಲ್ಲ ಸಮಾಧಾನವಾಯಿತು. ಹುಡುಗ ಸರಿಯಾಗಿದ್ದಾನೆ, ಎಲ್ಲ ಹುಡುಗರ ಹಾಗೇ ಮಾತಾಡುತ್ತಿದ್ದಾನೆ. ಅವನಪ್ಪ ಅವಳ ತೋಳು ಹಿಡಿದರು. ಅವಳು ಬಸ್ಸಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅವಳ ಮುಖದಲ್ಲಿ ಅವಮಾನವಿತ್ತು. ನಾನು ಎರಡು ಮಾರು ದೂರದಲ್ಲಿದ್ದೆ, ಅದನ್ನು ಕಂಡೆ. ಆದರೆ ಅವಳು ಏಳಲಿಲ್ಲ.

ಅಷ್ಟರಲ್ಲಿ ಡೇರೆಯಲ್ಲಿ ಅವನನ್ನು ಪರೀಕ್ಷಿಸಿದ್ದ ಸಹಾಯಕ ಬಂದ. ಎಳೆಯ ವಯಸ್ಸಿನವನು, ದಣಿದಿದ್ದ. ನಿಯಮದಂತೆ ಎಲ್ಲ ನೋಡಿದ್ದೇವೆ, ಎಲ್ಲದಕ್ಕೂ ಸರಿಯಾಗಿ ಉತ್ತರಿಸಿದ್ದಾನೆ ಎಂದು ತಾಳ್ಮೆಯಿಂದ ಹೇಳಿದ. ಅವಳು ಕೂತಲ್ಲಿಂದಲೇ, ಈಗ ನಾವು ಯಾವ ಊರಲ್ಲಿದ್ದೇವೆ ಎಂದು ಅವನನ್ನು ಇನ್ನೊಮ್ಮೆ ಕೇಳು ಅಂದಳು. ಸಹಾಯಕ ಕೇಳಿದ.

ಹುಡುಗ ಅವನನ್ನೇ ನೋಡುತ್ತಾ ಕನ್ನಡದಲ್ಲಿ ಹೇಳಿದ, “ಅವ್ವಾ, ಆಯಿ ಎಲ್ಲದಾಳ?”

ಇದು ಯಾವ ಭಾಷೆ ಎಂದು ಸಹಾಯಕ ಅವಳ ಕಡೆ ತಿರುಗಿದ. ಅವಳು ಅಂದಳು, “ಇಟ್ ಈಸ್ ಮೈನ್. ನಾಟ್ ಹಿಸ್.”

ಆ ಸಹಾಯಕನ ಮುಖದ ಬಣ್ಣ ಬದಲಾದದ್ದನ್ನು ನಾನು ಮರೆಯಲಾರೆ. ಜೇಬಿನಿಂದ ಪುಟ್ಟ ಟಾರ್ಚ್ ತೆಗೆದು ಹುಡುಗನ ಒಂದು ಕಣ್ಣಿಗೆ ಬಿಟ್ಟ, ಇನ್ನೊಂದಕ್ಕೆ ಬಿಟ್ಟ, ಮತ್ತೆ ಮೊದಲಿನದಕ್ಕೆ ಬಿಟ್ಟ. ತಿರುಗಿ ಯಾರಿಗೋ ಕೈಯಾಡಿಸಿ ಕೂಗಿದ. ಹುಡುಗ ರೊಟ್ಟಿಯನ್ನು ಕೈಬಿಟ್ಟು ಬಗ್ಗಿ ವಾಂತಿ ಮಾಡಿಕೊಂಡ. ಮಂಡಿಯೂರಿದ. ಅವಳು ಮೆಟ್ಟಿಲಿನಿಂದ ಜಾರಿ ಬಂದು ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು, ನೀರು ತುಂಬಿದ ಮಣ್ಣಿನ ಪಾತ್ರೆ ಹಿಡಿದ ಹಾಗೆ. ಆಂಬುಲೆನ್ಸ್ ಬರುವವರೆಗೂ ಅವನಪ್ಪನ ಫೋನು ಟಿಣ್ ಟಿಣ್ ಅನ್ನುತ್ತಲೇ ಇತ್ತು. ನಸುಕಿಗೇ ಎದ್ದ ಧಾರವಾಡದ ಹಿರಿಯರಿಂದ ಹೂವು, ಹೃದಯ, ‘ಬಂಗಾರದಂಥಾ ಹುಡುಗ’.

ಹೂಸ್ಟನ್‌ನ ಆಸ್ಪತ್ರೆಯಲ್ಲಿ ಆ ಸಂಜೆಯೇ ತಲೆಬುರುಡೆ ತೆರೆದರು. ಮೆದುಳಿನ ಮೇಲೆ ರಕ್ತ ನಿಧಾನವಾಗಿ ಜಿನುಗಿ ಹೆಪ್ಪುಗಟ್ಟುತ್ತಿತ್ತಂತೆ. ಬಸ್ ಹತ್ತಿದ್ದರೆ ಅವನು ಕಿಟಕಿಗೆ ತಲೆಯಾನಿಸಿ ಮಲಗುತ್ತಿದ್ದ. ಆಟ ಮುಗಿಸಿದ ಹುಡುಗರೆಲ್ಲ ಮಲಗುತ್ತಾರೆ. ಆಸ್ಟಿನ್ ತಲುಪಿ ದೀಪ ಹಾಕಿದಾಗಷ್ಟೇ ಯಾರಾದರೂ ಅವನನ್ನು ಅಲುಗಾಡಿಸುತ್ತಿದ್ದರು. ಇದನ್ನು ವೈದ್ಯೆ ಹೇಳಲಿಲ್ಲ. ಬಸ್ ಎಷ್ಟು ಹೊತ್ತಿನ ದಾರಿ ಎಂದು ಮಾತ್ರ ಕೇಳಿದಳು. ನಾವು ಹೇಳಿದೆವು. ಆಕೆ ಫೈಲು ಮುಚ್ಚಿದಳು. ಮನಸ್ಸಿನಲ್ಲೇ ನಾನು ಆ ಬಸ್ಸಿನಲ್ಲಿ ಎಷ್ಟು ಸಲ ಕೂತಿದ್ದೇನೋ. ಕತ್ತಲೆಯ ಹೆದ್ದಾರಿ, ಮುಂದಿನ ಸೀಟಿನಲ್ಲಿ ಯಾರದೋ ಗೊರಕೆ, ಕಿಟಕಿಗೆ ಆನಿಸಿದ ಆ ಒದ್ದೆ ತಲೆ.

ಕಾಲೇಜಿನವರು ವಿಚಾರಣೆ ನಡೆಸಿದರು. ಎಲ್ಲ ನಿಯಮಗಳನ್ನೂ ಪಾಲಿಸಲಾಗಿದೆ ಎಂದು ಗೊತ್ತಾಯಿತು. ಅದು ಸುಳ್ಳಲ್ಲ. ಪಾಲಿಸಲಾಗಿತ್ತು.

ಅವನು ಬದುಕಿದ. ಹೂಸ್ಟನ್‌ನಲ್ಲೇ ತಿಂಗಳುಗಟ್ಟಲೆ ಇದ್ದು, ನಡೆಯುವುದನ್ನೂ ಚಮಚ ಹಿಡಿಯುವುದನ್ನೂ ಹೊಸದಾಗಿ ಕಲಿತು ಪ್ರಾಸ್ಪರ್‌ಗೆ ಬಂದ. ಕಾರು ಓಡಿಸುವಂತಿಲ್ಲ. ತಲೆಗೆ ಇನ್ನೊಂದು ಪೆಟ್ಟು, ಸಣ್ಣದಾದರೂ, ಬೀಳುವಂತಿಲ್ಲ. ಹಳೆಯದೆಲ್ಲ ನೆನಪಿದೆ, ಆ ದಿನದ್ದೊಂದು ಇಲ್ಲ. ಹೊಸದಾಗಿ ಹೇಳಿದ್ದು ನಿಲ್ಲುವುದಿಲ್ಲ. ಕೆಲವು ಸಲ ಒಂದು ವಾರ ಇರುತ್ತದೆ, ಕೆಲವು ಸಲ ಮರುದಿನಕ್ಕೇ ಹೋಗಿರುತ್ತದೆ.

ನಾನು ಶನಿವಾರಗಳಲ್ಲಿ ಇರ್ವಿಂಗ್‌ನಿಂದ ಡ್ರೈವ್ ಮಾಡಿಕೊಂಡು ಹೋಗುತ್ತೇನೆ. ಅವನು ಸೋಫಾದಲ್ಲಿ ಕೂತಿರುತ್ತಾನೆ. ಬಲಗೈಯಲ್ಲಿ ಮೆತ್ತನೆಯ ಚೆಂಡೊಂದನ್ನು ಹಿಸುಕುತ್ತಿರುತ್ತಾನೆ. ಕೈಗೆ ಬಲ ಬರಲೆಂದು ಕೊಟ್ಟದ್ದು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಆಮೇಲೆ ಆಗಷ್ಟೇ ಹೊಳೆದವನಂತೆ ಕೇಳುತ್ತಾನೆ, “ಆಂಟಿ, ಯು ವರ್ ದೇರ್, ರೈಟ್? ಟೆಲ್ ಮಿ ವಾಟ್ ಹ್ಯಾಪನ್ಡ್.” ಅಪ್ಪ ಅಮ್ಮನನ್ನು ಕೇಳಿದರೆ ಅಳುತ್ತಾರೆ, ಅದಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ ಎಂದು ಪ್ರತಿ ಸಲವೂ ಹೇಳುತ್ತಾನೆ. ನಾನು ಮೊದಲಿಂದ ಹೇಳುತ್ತೇನೆ. ಹೊಡೆದ ಹುಡುಗನನ್ನು ಹೊರಗೆ ಹಾಕಿದರಾ ಎಂದು ಕೇಳುತ್ತಾನೆ. ಇಲ್ಲ ಅನ್ನುತ್ತೇನೆ. “ಗುಡ್. ಇಟ್ ವಾಸ್ ಕ್ಲೀನ್ ದೆನ್,” ಎಂದು ತಲೆಯಾಡಿಸುತ್ತಾನೆ. ಅದು ಅವನಿಗೆ ಮುಖ್ಯ.

ಒಂದು ಮಾತನ್ನು ಮಾತ್ರ ನಾನು ಹೇಳುವುದಿಲ್ಲ. ಮೊದಲ ಸಲ ಹೇಳುವ ಮುಂಚೆಯೇ ಗೆಳತಿ ನನ್ನನ್ನು ಅಡುಗೆಮನೆಗೆ ಕರೆದಿದ್ದಳು. “ಅಕ್ಕಾರ, ಬಸ್ಸಿನ ಹತ್ರ ಅವ ನನಗ ಅಂದದ್ದು ಒಂದು ಬಿಡ್ರಿ. ಒಮ್ಮೆ ಅವರಪ್ಪ ಬಾಯಿತಪ್ಪಿ ಹೇಳಿದ್ರು. ಎರಡು ದಿನಾ ಅತ್ತ. ಆಮ್ಯಾಲ ಮರತ. ಮತ್ತ ಕೇಳಿದ್ರ ಮತ್ತ ಹೊಸದಾಗಿ ಅಳ್ತಾನ.”

ಹೋದ ಶನಿವಾರವೂ ಹೇಳಿದೆ. ಅಮ್ಮ ಬಸ್ಸಿನ ಮೆಟ್ಟಿಲ ಮೇಲೆ ಕೂತರು ಅಂದಾಗ ಅವನು ಚೆಂಡು ಹಿಸುಕುವುದನ್ನು ನಿಲ್ಲಿಸಿದ.

“ಇನ್ ಫ್ರಂಟ್ ಆಫ್ ದ ಹೋಲ್ ಟೀಮ್?”

“ಹೂಂ. ಎಲ್ಲರ ಎದುರಿಗೇ.”

“ಆ್ಯಂಡ್ ಐ ಡಿಡಂಟ್ ಸೇ ಎನಿಥಿಂಗ್?”

“ಇಲ್ಲಪ್ಪ. ನೀನೇನೂ ಹೇಳಲಿಲ್ಲ.”

ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಪದ ಹುಡುಕಲು ಈಗ ಅವನಿಗೆ ಸಮಯ ಬೇಕಾಗುತ್ತದೆ.

“ದಟ್ ಡಸಂಟ್ ಸೌಂಡ್ ಲೈಕ್ ಮಿ,” ಅಂದ.

ಒಳಗೆ ಅವಳು ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ನಾನು ಆಂಬುಲೆನ್ಸ್ ಬಂದ ಕಡೆಗೆ ಕಥೆ ಮುಂದುವರಿಸಿದೆ.